ಎದುರಿನವರು ಹೇಳಿದ ಊಟ

ನಮ್ಮ ಊರಿನಲ್ಲಿ ತನಗೆ ಬೇಕಾದ್ದನ್ನು ತಾನೇ ಕೇಳಿ ತಿಂದರೆ ರುಚಿ ಹತ್ತುವುದಿಲ್ಲ. ಯಾವಾಗಿನಿಂದ ಹೀಗೆ, ಯಾಕೆ ಹೀಗೆ ಎಂದೆಲ್ಲ ಹೇಳುತ್ತ ಕೂತರೆ ಒಲೆಯ ಮೇಲಿನ ಸಾರು ತಳ ಹತ್ತುತ್ತದೆ. ಹೀಗಿದೆ, ಅಷ್ಟೇ. ನೀವಾಗಿಯೇ "ನನಗೊಂದು ಮೀನು ಹುರಿದು ಕೊಡ್ರಿ" ಎಂದಿರೋ, ಬಂದ ಮೀನು ಒದ್ದೆ ರಟ್ಟು ಅಗಿದ ಹಾಗಿರುತ್ತದೆ. ಅದೇ ಮೀನನ್ನು ಎದುರಿಗೆ ಕೂತವರು ನಿಮಗೆಂದು ಹೇಳಿದರೆ ಮುಳ್ಳನ್ನೂ ಬಿಡದೆ ಚೀಪುತ್ತೀರಿ. ಬಾಯಿಬಿಟ್ಟು ಕೇಳುವುದಿರಲಿ, ಸುಳಿವು ಕೊಟ್ಟರೂ ಕೆಟ್ಟಿತು. "ಇವತ್ತ ಮೀನಿನ ವಾಸನಿ ಘಮ್ಮಂತ ಬರಾಕತ್ತೈತಲ್ಲ" ಎಂದು ಎದುರಿನವರ ಮುಖ ನೋಡಿದಿರಿ ಎನ್ನಿ, ಅವರು ಪಾಪ ಅರ್ಥ ಮಾಡಿಕೊಂಡು ಮೀನನ್ನೇ ಹೇಳುತ್ತಾರೆ, ಆದರೆ ತಟ್ಟೆಗೆ ಬರುವುದು ರಟ್ಟೇ. ನಮ್ಮ ಮಕ್ಕಳು ಮಾತು ಕಲಿಯುವ ಮೊದಲು ಈ ವಿಷಯದಲ್ಲಿ ಬಾಯಿ ಮುಚ್ಚುವುದನ್ನು ಕಲಿಯುತ್ತವೆ.

ನನ್ನ ಖಾನಾವಳಿ ಹೊಳೆಯ ದಂಡೆಗೇ ಇದೆ. ಚಪ್ಪರ ಅರ್ಧ ನೆಲದ ಮೇಲಿದ್ದರೆ ಇನ್ನರ್ಧ ಹೊಳೆಗಿಳಿಯುವ ಮೆಟ್ಟಿಲ ಮೇಲಿದೆ. ನೀರು ಏರಿದಾಗ ಕೆಳಗಿನ ಸಾಲಿನವರು ಕಾಲು ತೋಯಿಸಿಕೊಂಡೇ ಉಣ್ಣುತ್ತಾರೆ, ಅದಕ್ಕೆಂದೇ ಆ ಸಾಲಿಗೆ ಜಗಳ ಬೀಳುತ್ತದೆ. ಹೊಳೆಮೀನು, ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಸಂಜೆಗೆ ಸೇಂದಿ. ನಮ್ಮೂರಿನ ಕುಡುಕರಷ್ಟು ಮರ್ಯಾದಸ್ಥರು ಬೇರೆಲ್ಲೂ ಸಿಗಲಿಕ್ಕಿಲ್ಲ. ತನ್ನ ಗ್ಲಾಸು ತುಂಬಬೇಕೆಂದರೆ ಎದುರಿನವನು ಬಾಯಿ ಬಿಡಬೇಕಲ್ಲ, ಅವನ ಮನಸ್ಸು ನೋಯಿಸಿದರೆ ಅವತ್ತಿನ ಸಂಜೆ ಒಣ ಒಣ. ಮೇಜುಗಳಿಗೆಲ್ಲ ಎರಡೇ ಕುರ್ಚಿ. ಒಂಟಿಯಾಗಿ ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು, ಇನ್ನೊಬ್ಬರು ಒಂಟಿ ಬಂದ ಮೇಲೆ ಇಬ್ಬರನ್ನೂ ಎದುರುಬದುರು ಕೂರಿಸುತ್ತೇನೆ. ಹೊಲದ ಬದುವಿಗಾಗಿ ಕೋರ್ಟಿನಲ್ಲಿ ಕಚ್ಚಾಡುವವರೂ ನನ್ನ ಖಾನಾವಳಿಯಲ್ಲಿ ಒಬ್ಬರಿಗೊಬ್ಬರು ಪಲ್ಯ ಹೇಳಿದ್ದುಂಟು. ಈ ವಿಷಯದಲ್ಲಿ ಸೋನವ್ವ, ಅಂದರೆ ನಾನು, ಯಾರ ಮುಲಾಜೂ ನೋಡುವವಳಲ್ಲ ಎಂದು ಊರಿಗೆ ಗೊತ್ತು.

ಮನೆಗಳಲ್ಲೂ ಇದೇ ಲೆಕ್ಕ. ಗಂಡನಿಗೇನು ಎಂದು ಹೆಂಡತಿ, ಹೆಂಡತಿಗೇನು ಎಂದು ಗಂಡ. ಒಬ್ಬರೇ ಇರುವವರ ಪಾಡು ಮಾತ್ರ ಯಾರಿಗೂ ಬೇಡ. ಅವರು ಬೆಳಿಗ್ಗೆ ಎದ್ದು ಪಕ್ಕದ ಮನೆಯ ಅಡ್ಡಗೋಡೆಗೆ ಹೋಗಿ ನಿಲ್ಲುತ್ತಾರೆ. ಆಚೆಯವಳು ತನ್ನ ಗಡಿಬಿಡಿಯಲ್ಲಿ "ಉಪ್ಪಿಟ್ಟು ಮಾಡ್ಕೊಂಡು ತಿನ್ನು ಹೋಗಪಾ" ಎಂದು ಒಂದು ಮಾತು ಎಸೆಯುತ್ತಾಳೆ, ಅದನ್ನು ಹಿಡಿದುಕೊಂಡು ಒಳಗೆ ಬಂದು ಒಲೆ ಹಚ್ಚುತ್ತಾರೆ. ರುಚಿಯೇನೋ ಹತ್ತುತ್ತದೆ. ಆದರೆ ನಿನ್ನೆಯೂ ಉಪ್ಪಿಟ್ಟು, ಮೊನ್ನೆಯೂ ಉಪ್ಪಿಟ್ಟು, ಎದುರಿಗೆ ಗೋಡೆ. ನಮ್ಮಲ್ಲಿ ಯಾರಾದರೂ ಒಂಟಿಯಾದರೆ "ಪಾಪ, ಗೋಡೆಗೆ ನಿಂತ್ರು" ಎನ್ನುವುದು ಅದಕ್ಕೇ.

ಗೋಡೆಗೆ ನಿಲ್ಲುವುದೆಂದರೆ ಪರಸಪ್ಪನಿಗೆ ಎಲ್ಲಿಲ್ಲದ ಭಯ. ಪರಸಪ್ಪ ನಮ್ಮೂರ ಬಾಜಾ ಕಂಪನಿಯಲ್ಲಿ ಕ್ಲಾರಿನೆಟ್ ಊದುವವನು. ಊರವರ ಮದುವೆಗಳಲ್ಲೆಲ್ಲ ಊದುತ್ತ ಊದುತ್ತ ತನ್ನ ಮದುವೆಯನ್ನು ಮರೆತೇಬಿಟ್ಟ. ಅವನ ತಂಗಿ ದ್ಯಾಮವ್ವ ಹೆರಿಗೆ ಆಸ್ಪತ್ರೆಯಲ್ಲಿ ಆಯಾ. ಊರಿನ ಕೂಸುಗಳನ್ನೆಲ್ಲ ಮೊದಲು ಎತ್ತಿಕೊಂಡು ಒರೆಸಿದವಳು ಅವಳೇ, ಅದರಲ್ಲೇ ಅವಳ ವಯಸ್ಸೂ ಕಳೆಯಿತು. ಅಣ್ಣ ತಂಗಿ ಒಂದೇ ಮನೆಯಲ್ಲಿ, ಅವನ ಊಟ ಅವಳು ಹೇಳುವುದು, ಅವಳ ಊಟ ಅವನು ಹೇಳುವುದು. ಭಾನುವಾರ ಮಾತ್ರ ಒಲೆಗೆ ರಜೆ ಕೊಟ್ಟು ನನ್ನ ಖಾನಾವಳಿಗೆ ಬರುತ್ತಿದ್ದರು, ಕೆಳಗಿನ ಸಾಲಿನ ಕೊನೆಯ ಮೇಜಿಗೆ.

ಕೂತ ಕೂಡಲೇ ಪರಸಪ್ಪ ಕೊರಳು ಸರಿ ಮಾಡಿಕೊಂಡು, ಇಡೀ ಚಪ್ಪರಕ್ಕೆ ಕೇಳುವಂತೆ, "ನನ್ನ ತಂಗಿಗೆ ಎಣ್ಣಿಗಾಯಿ, ಗಟ್ಟಿ ಮೊಸರು, ಕಡೀಕ ಸಿಹಿಗಂತ ಒಂದೀಟು ಮಾದಲಿ" ಎನ್ನುತ್ತಿದ್ದ. ದ್ಯಾಮವ್ವ ಮೆಲ್ಲಗೆ, "ಅಣ್ಣಗ ಮೀನಿನ ತಲಿ ಹಾಕ್ರಿ, ದೊಡ್ಡದು ನೋಡಿ" ಎನ್ನುತ್ತಿದ್ದಳು. ವರ್ಷಗಟ್ಟಲೆ ಇದೇ ಮಾತು. ನಾನು ಅವರು ಮೆಟ್ಟಿಲಿಳಿಯುವುದು ಕಂಡ ಕೂಡಲೇ ಬಡಿಸಿ ಇಡಬಹುದಿತ್ತು, ಆದರೆ ಹೇಳಿಸಿಕೊಳ್ಳದೆ ಬಡಿಸುವಂತಿಲ್ಲವಲ್ಲ. "ನನ್ನ ತಂಗಿ ನಾಲಿಗಿ ನನಗ ಗೊತ್ತಿದ್ದಷ್ಟು ಅಕಿಗೂ ಗೊತ್ತಿಲ್ಲ" ಎಂದು ಅವನು ಬಾಜಾದವರ ಮುಂದೆ ಕೊಚ್ಚಿಕೊಳ್ಳುತ್ತಿದ್ದ. ಈ ಗಂಡಸರಿಗೆ ಒಂದು ವಿಷಯ ಗೊತ್ತಿದ್ದರೆ ಸಾಕು, ಅದರ ಮೇಲೆಯೇ ಮನೆ ಕಟ್ಟುತ್ತಾರೆ.

ಹೀಗಿರುವಾಗ ಹೊಳೆಯಾಚೆಯ ಲಗಮಪ್ಪ ಬಂದ. ಹೊಳೆ ದಾಟಿಸುವ ದೋಣಿಗಳ ಇಂಜಿನ್ ರಿಪೇರಿ ಮಾಡುವವನು, ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಅಕ್ಕನ ಮಗಳ ಬಾಣಂತನಕ್ಕೆಂದು ಆಸ್ಪತ್ರೆಗೆ ಡಬ್ಬಿ ಹೊತ್ತು ಬಂದವನು, ತಾಯಿ ಮಗು ಮನೆಗೆ ಹೋದ ಮೇಲೂ ಡಬ್ಬಿ ಹೊತ್ತು ಬರುತ್ತಲೇ ಇದ್ದ. ಡಬ್ಬಿ ಖಾಲಿ ಎಂದು ವಾರ್ಡಿಗೆಲ್ಲ ಗೊತ್ತಾದ ಮೇಲೆ ದ್ಯಾಮವ್ವನೇ ಅವನನ್ನು ಆಸ್ಪತ್ರೆಯ ಮೆಟ್ಟಿಲ ಹತ್ತಿರ ನಿಲ್ಲಿಸಿ, "ಹಿಂಗ ಅಡ್ಡಾಡೂದಕ್ಕಿಂತ ಎದುರೂಟಕ್ಕ ಕರೀರಿ, ನೋಡೂಣು" ಎಂದಳು.

ಎದುರೂಟ ಎಂದರೆ ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರ, ಗಂಡು ನೋಡುವ ಶಾಸ್ತ್ರ, ಎರಡೂ. ಗಂಡು ಹೆಣ್ಣು ನನ್ನ ಖಾನಾವಳಿಯಲ್ಲಿ ಎದುರುಬದುರು ಕೂತು ಒಬ್ಬರಿಗೊಬ್ಬರು ಊಟ ಹೇಳಬೇಕು. ಹೇಳಿದ್ದು ಸೇರದಿದ್ದರೆ ತಟ್ಟೆಯನ್ನು ಒಂದು ಬೆರಳಿನಿಂದ ಮುಂದಕ್ಕೆ ಸರಿಸಿದರಾಯಿತು, ಯಾರೂ ಕಾರಣ ಕೇಳುವುದಿಲ್ಲ, ಎದ್ದು ಕೈತೊಳೆದುಕೊಂಡು ಅವರವರ ದಾರಿ ಅವರವರು ಹಿಡಿಯುತ್ತಾರೆ. ಉಣ್ಣುವವರ ಬಾಯಿಂದ ಸುಳಿವು ಬರಬಾರದು. ಬೇರೆಯವರನ್ನು ಕೇಳಿ ತಿಳಿದುಕೊಂಡರೆ ಅಡ್ಡಿಯಿಲ್ಲ. ಹಾಗಾಗಿ ಎದುರೂಟ ಗೊತ್ತಾದ ಮನೆಯ ಸುತ್ತ ನಾಲ್ಕು ದಿನ ಗೂಢಚಾರಿಕೆ ನಡೆಯುತ್ತದೆ.

ಲಗಮಪ್ಪನಿಗೆ ಗೂಢಚಾರಿಕೆ ಬಾರದು. ಅವನು ನೇರವಾಗಿ ಪರಸಪ್ಪನ ಹತ್ತಿರವೇ ಹೋದ. ಪರಸಪ್ಪ ಹೊಳೆಯ ಮೆಟ್ಟಿಲ ಮೇಲೆ ಕೂತು ಕ್ಲಾರಿನೆಟ್ ಒರೆಸುತ್ತಿದ್ದ.

"ಪರಸಣ್ಣಾ, ಒಂದು ಮಾತು ಕೇಳೂದಿತ್ತು."

"ಕೇಳ್ರಿ."

"ನಿಮ್ಮ ತಂಗ್ಯಾರಿಗೆ ಏನ್ ಸೇರತೈತ್ರಿ? ನನಗ ಹೆಂಗಸರ ಮನಸು ತಿಳಿಯೂದಿಲ್ಲ. ಇಂಜಿನ್ ಆದ್ರ ಸಪ್ಪಳ ಕೇಳಿ ಹೇಳಿಬಿಡ್ತೀನಿ."

ಪರಸಪ್ಪ ತಲೆ ಎತ್ತಲಿಲ್ಲ. ಆಮೇಲೆ ಅವನೇ ಹೇಳಿದ್ದು, ಆ ಹೊತ್ತಿನಲ್ಲಿ ಅವನ ಕಣ್ಣ ಮುಂದೆ ಬಂದದ್ದು ಪಕ್ಕದ ಮನೆಯ ಗೋಡೆ. ಅದರ ಮೇಲೆ ಒಣಹಾಕಿದ ಕೌದಿ, ಆಚೆ ಕಡೆ ಪಾತ್ರೆಯ ಸಪ್ಪಳ, ಈಚೆ ಕಡೆ ತಾನು, ಯಾವಾಗ ಒಂದು ಮಾತು ಬಿದ್ದೀತೆಂದು ಕಾಯುತ್ತ. ದ್ಯಾಮವ್ವ ಹೊಳೆಯಾಚೆಯ ಓಣಿಗೆ ಹೋದರೆ ಉಳಿದ ಜನ್ಮವೆಲ್ಲ ಅದೇ. ಬೇಡ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಅವನಿಗಿರಲಿಲ್ಲ, ತಂಗಿಗೆ ಮುಖ ತೋರಿಸಬೇಕಲ್ಲ. ಅಷ್ಟರಲ್ಲಿ ಒಂದು ಹಳೆಯ ನೆನಪು ಅವನ ನಾಲಿಗೆಯ ತುದಿಗೆ ಬಂದು ಕೂತಿತು. ಲಂಗ ಹಾಕಿಕೊಂಡು ಓಡಾಡುವ ವಯಸ್ಸಿನಲ್ಲಿ ದ್ಯಾಮವ್ವ ಅವ್ವ ಬಡಿಸಿದ ಹಾಗಲಕಾಯಿ ಪಲ್ಯವನ್ನು ಥೂ ಎಂದು ಉಗಿದು, ತಟ್ಟೆ ತೆಗೆದುಕೊಂಡು ಹೋಗಿ ಎಮ್ಮೆಯ ಮುಂದೆ ಸುರಿದಿದ್ದಳು. ಎಮ್ಮೆಯೂ ಮೂಸಿ ನೋಡಿರಲಿಲ್ಲ.

"ಹಾಗಲಕಾಯಿ" ಎಂದ ಪರಸಪ್ಪ.

"ಹಾಗಲಕಾಯಿ?"

"ಜೀವ ಬಿಡ್ತಾಳ. ಪಲ್ಯ. ಬೆಲ್ಲ ಗಿಲ್ಲ ಹಾಕಬಾರ್ದು ಮತ್ತ. ಕಹಿ ಇದ್ದಷ್ಟೂ ಚಲೋ."

ಲಗಮಪ್ಪ ಕೃತಜ್ಞತೆಯಿಂದ ಬಗ್ಗಿ ಅವನ ಕಾಲು ಮುಟ್ಟಿದ. ಅವನ ಕೈಯ ಗ್ರೀಸು ಪರಸಪ್ಪನ ಪಾದಕ್ಕೆ ಹತ್ತಿತು. ಪರಸಪ್ಪ ಮನೆಗೆ ಹೋಗಿ ಎರಡು ಸಲ ಸಾಬೂನು ಹಚ್ಚಿ ಕಾಲು ತಿಕ್ಕಿದನಂತೆ. ಗ್ರೀಸು ಹೋಯಿತು, ಮನಸ್ಸಿಗೆ ಹತ್ತಿದ್ದು ಹೋಗಲಿಲ್ಲ.

ಭಾನುವಾರ ಚಪ್ಪರ ತುಂಬಿತ್ತು. ಎದುರೂಟ ಇದೆಯೆಂದರೆ ಹಸಿವಿಲ್ಲದವರಿಗೂ ಹಸಿವಾಗುತ್ತದೆ. ಲಗಮಪ್ಪ ತಲೆಗೆ ಎಣ್ಣೆ ಒತ್ತಿ, ಉಗುರಿನ ಸಂದಿಯನ್ನೂ ತೊಳೆದುಕೊಂಡು ಬಂದಿದ್ದ. ದ್ಯಾಮವ್ವ ಹಸಿರು ಇಳಕಲ್ ಸೀರೆ ಉಟ್ಟು, ಎಂದಿನ ಹಾಗೆ ಆಸ್ಪತ್ರೆಗೆ ಹೊರಟವಳಂತೆ ಬಿರಬಿರನೆ ಬಂದು ಕೂತಳು. ಪರಸಪ್ಪ ಬರಲಾರೆ ಎಂದು ಮನೆಯಲ್ಲಿ ಹೇಳಿದ್ದನಂತೆ, ಆದರೆ ಬಂದ. ಒಂಟಿ ಬಂದವನು ಬಾಗಿಲಲ್ಲಿ ನಿಲ್ಲಬೇಕು, ನಿಂತ. ಹಿಂದೆಯೇ ಯಾವುದೋ ಊರಿನಿಂದ ಮಿಕ್ಸರ್ ಮಾರಲು ಬಂದ ಮನುಷ್ಯನೊಬ್ಬ ಬ್ಯಾಗು ಹೊತ್ತು ಬಂದ. ಇಬ್ಬರನ್ನೂ ಕಂಬದ ಹಿಂದಿನ ಮೇಜಿಗೆ ಕೂರಿಸಿದೆ. ಮಿಕ್ಸರಿನವನಿಗೆ ಊರಿನ ನಿಯಮ ಬಿಡಿಸಿ ಹೇಳಿದೆ. ಅವನು ಹಲ್ಲು ಕಿರಿದು, "ಆಯ್ತು ಬಿಡಿ ಅಮ್ಮ, ನಂಗೊಂದು ಮೀನು ಫ್ರೈ, ಬೇಗ" ಎಂದ. ಹಣೆಬರಹ ಎಂದು ತಂದಿಟ್ಟೆ.

ಅವನು ಒಂದು ತುತ್ತು ಅಗಿದು ಮುಖ ಸಿಂಡರಿಸಿದ. "ಏನ್ರೀ ಇದು, ಉಪ್ಪಿಲ್ಲ, ಖಾರ ಇಲ್ಲ." ಉಪ್ಪು ಸುರಿದುಕೊಂಡ. ನಿಂಬೆಹಣ್ಣು ಹಿಂಡಿಕೊಂಡ. ಪರಸಪ್ಪನನ್ನು ಕೇಳಿದ, "ಸ್ವಾಮಿ, ನಿಮಗಾದ್ರೂ ಉಪ್ಪು ಗೊತ್ತಾಗ್ತಿದೆಯಾ ನೋಡಿ." ಪರಸಪ್ಪನ ಮುಂದೆ ತಟ್ಟೆಯೇ ಇರಲಿಲ್ಲ. ಅವನಿಗೆ ಹೇಳುವವರು ಯಾರು? ಅವನಿಗೆ ಅದರ ಪರಿವೆಯೂ ಇರಲಿಲ್ಲ, ಕಂಬದ ಪಕ್ಕದಿಂದ ಕತ್ತು ಚಾಚಿ ತಂಗಿಯ ಮೇಜನ್ನೇ ನೋಡುತ್ತಿದ್ದ.

ಮೊದಲು ಹೇಳುವುದು ಹೆಣ್ಣು. ದ್ಯಾಮವ್ವ ಲಗಮಪ್ಪನ ಮುಖವನ್ನು ಜ್ವರ ಬಂದ ಕೂಸನ್ನು ನೋಡುವಂತೆ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಇವರಿಗೆ ರೊಟ್ಟಿ ಬ್ಯಾಡ. ನುಚ್ಚು ಕೊಡ್ರಿ, ಮ್ಯಾಲೆ ಮಜ್ಜಿಗಿ ಸಾರು" ಎಂದಳು. ಚಪ್ಪರದಲ್ಲಿ ಗುಸುಗುಸು ಎದ್ದಿತು. ಗಂಡಿಗೆ ಕಾಯಿಲೆಯವರು ಉಣ್ಣುವ ನುಚ್ಚು ಹೇಳುವುದೆಂದರೆ ಬೇಡವೆಂದು ಹೇಳಿದಂತೆಯೇ ಎಂದು ಎಲ್ಲರೂ ತಿಳಿದರು. ಪರಸಪ್ಪನಿಗೆ ಎದೆಯ ಭಾರ ಇಳಿದಂತಾಯಿತು. ಆದರೆ ಲಗಮಪ್ಪನ ಕೈ ತಾನಾಗಿ ಎಡಗೆನ್ನೆಗೆ ಹೋಯಿತು. ವಾರದಿಂದ ದವಡೆಯ ಹಲ್ಲು ನೋಯುತ್ತಿತ್ತಂತೆ, ನಾಚಿಕೆಗೆ ಯಾರಿಗೂ ಹೇಳಿರಲಿಲ್ಲವಂತೆ. ಅವನು ನುಚ್ಚನ್ನು ಕಲಸಿಕೊಂಡು ಉಂಡ ರೀತಿ ನೋಡಿ ಗುಸುಗುಸು ನಿಂತಿತು.

ಈಗ ಅವನ ಸರದಿ. ಕೊರಳು ಸರಿ ಮಾಡಿಕೊಂಡ, ನೀರು ಕುಡಿದ, ಪಾಠ ಒಪ್ಪಿಸುವವನಂತೆ ಹೇಳಿದ. "ಇವರಿಗೆ ಹಾಗಲಕಾಯಿ ಪಲ್ಯ. ಬೆಲ್ಲ ಹಾಕಬ್ಯಾಡ್ರಿ. ಕಹಿ ಇದ್ದಷ್ಟೂ ಚಲೋ."

ನಾನು ಒಳಗೆ ಹೋಗಿ ಅಡುಗೆಯ ಮಲಕವ್ವನಿಗೆ ಹೇಳಿದೆ. ಮಲಕವ್ವ ಹಣೆ ಚಚ್ಚಿಕೊಂಡು, "ಎದುರೂಟಕ್ಕ ಹಾಗಲಕಾಯಿ ಹೇಳೂ ಗಂಡಸು ಎಲ್ಲಿಂದ ಬಂದನವಾ" ಎನ್ನುತ್ತಲೇ ಹೆಚ್ಚಿ ಬಾಣಲೆಗೆ ಹಾಕಿದಳು. ತಂದು ಇಟ್ಟೆ. ಇಡೀ ಚಪ್ಪರದ ಕಣ್ಣು ದ್ಯಾಮವ್ವನ ತೋರುಬೆರಳಿನ ಮೇಲೆ. ಆ ಬೆರಳು ತಟ್ಟೆಯ ಅಂಚಿಗೆ ಬಂತು. ಸರಿಸು, ಸರಿಸಿಬಿಡು ತಂಗಿ ಎಂದು ಪರಸಪ್ಪ ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದನಂತೆ.

ಅವಳು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಒಂದು ತುತ್ತು ತಿಂದಳು. ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಿಂದ ನೀರು ಇಳಿಯಿತು, ಅದನ್ನು ಒರೆಸಲೂ ಬಿಡುವಿಲ್ಲದವಳಂತೆ ಎರಡನೆಯ ತುತ್ತು ಹಾಕಿಕೊಂಡಳು. ಲಗಮಪ್ಪ ಗಾಬರಿಯಾಗಿ, "ಬ್ಯಾಡಾಗಿದ್ರ ಬಿಡ್ರಿ, ಒತ್ತಾಯ ಇಲ್ಲ" ಎಂದ. ಅವಳು ತಲೆ ಅಲ್ಲಾಡಿಸಿದಳು, ಬಾಯಲ್ಲಿ ಪಲ್ಯ ಇತ್ತು. ತಟ್ಟೆ ಒರೆಸಿದಂತೆ ಖಾಲಿಯಾಯಿತು. ಅದನ್ನು ಕಂಡು ಲಗಮಪ್ಪ ತಾನಾಗಿಯೇ ಧೈರ್ಯ ತಂದುಕೊಂಡು, "ಇನ್ನೊಂದು ತಾಟು ಹಾಗಲಕಾಯಿ" ಎಂದ. ಚಪ್ಪರದಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಮಿಕ್ಸರಿನವನು ಏನಾಯಿತೆಂದು ತಿಳಿಯದೆ ತಾನೂ ತಟ್ಟಿದ.

"ನಿಮಗ ಯಾರು ಹೇಳಿದ್ರು?" ಎಂದು ದ್ಯಾಮವ್ವ ಕೇಳಿದಳು.

"ನಿಮ್ಮ ಅಣ್ಣಾರ. ಜೀವ ಬಿಡ್ತಾಳ ಅಂದ್ರು."

ಅವಳು ಎದ್ದು ಚಪ್ಪರದಲ್ಲೆಲ್ಲ ಕಣ್ಣಾಡಿಸಿ ಕಂಬದ ಹತ್ತಿರ ಬಂದಳು. ಪರಸಪ್ಪನಿಗೆ ಮೇಜಿನ ಕೆಳಗೆ ತೂರಿಕೊಳ್ಳಬೇಕೆನಿಸಿತು. ಅವಳು ಎಂಜಲು ಕೈಯಲ್ಲೇ ಅವನ ಮುಂದೆ ನಿಂತು, ಕೆಂಪಾದ ಕಣ್ಣಲ್ಲಿ ಅವನನ್ನೇ ನೋಡಿದಳು.

"ಅಣ್ಣಾ, ನಿನಗ ಗೊತ್ತಿತ್ತಾ? ಇಷ್ಟು ವರ್ಷ ನಾ ಬ್ಯಾರೇದವರ ತಾಟಿನಾಗ ಹಾಗಲಕಾಯಿ ನೋಡಿ ನೋಡಿ ಉಗುಳು ನುಂಗೀನಿ. ಬಾಯಿಬಿಟ್ಟು ಹೇಳಾಕ ಬರೂದಿಲ್ಲ. ನೀ ನೋಡಿದ್ರ ಎಣ್ಣಿಗಾಯಿ, ಎಣ್ಣಿಗಾಯಿ. ನನಗ ಅನಸತಿತ್ತು, ಇವಗ ಇನ್ನೂ ನಾ ಲಂಗ ಹಾಕ್ಕೊಂಡಾಕೀನ ಅಂತ. ನೀ ಎಲ್ಲಾ ತಿಳಕೊಂಡು ಇವತ್ತಿಗಂತ ಇಟ್ಟಿದ್ದೀ ಏನು?"

ಎಂಥ ಹೊತ್ತು ನೋಡಿ. ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ತಂಗಿಯ ಕಣ್ಣಲ್ಲಿ ದೇವರಾಗಿ ಉಳಿಯಬಹುದಿತ್ತು. ಅವನ ತಲೆ ಹೂಂ ಎನ್ನಲು ಅರ್ಧ ಬಗ್ಗಿದ್ದನ್ನು ನಾನೇ ನೋಡಿದೆ. ಅಲ್ಲಿಗೇ ನಿಂತಿತು.

"ಇಲ್ಲ ದ್ಯಾಮವ್ವ" ಎಂದ. "ನಿನಗ ಸೇರೂದಿಲ್ಲ ಅಂತಾನ ಹೇಳಿದ್ದೆ. ನೀ ತಾಟು ಸರಿಸ್ತೀ ಅಂತ ತಿಳಿದಿದ್ದೆ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖದ ಬಣ್ಣ ಇಳಿಯಿತು. "ಯಾಕಣ್ಣಾ?" ಎಂದಳು. ಬೈದಿದ್ದರೆ ಅವನಿಗೆ ಸಲೀಸಾಗುತ್ತಿತ್ತು.

"ನೀ ಹೋದ್ರ ನನಗ ಹೇಳೋರು ಯಾರು?" ಎಂದ ಪರಸಪ್ಪ. "ನಾಳಿಂದ ನಾ ಗೋಡಿಗೆ ನಿಲ್ಲಬೇಕು. ಅದು ಕಣ್ಣಿಗೆ ಕಟ್ಟಿದಂಗಾತು. ಹೆದರಿಕಿ ಆತು. ಅದಕ್ಕ ಹಿಂಗ ಹೊಲಸು ಕೆಲಸ ಮಾಡಿದೆ."

ಮಿಕ್ಸರಿನವನು ಮೀನು ಅಗಿಯುವುದನ್ನು ನಿಲ್ಲಿಸಿ ಇಬ್ಬರನ್ನೂ ನೋಡುತ್ತಿದ್ದ. ದ್ಯಾಮವ್ವ ಪಕ್ಕದ ಮೇಜಿನಿಂದ ಕುರ್ಚಿ ಎಳೆದುಕೊಂಡು ಅಣ್ಣನ ಬದಿಗೆ ಕೂತಳು. ಎಂಜಲು ಕೈಯನ್ನು ಸೆರಗಿಗೆ ತಾಗದಂತೆ ಹಿಡಿದುಕೊಂಡು, ಇನ್ನೊಂದು ಕೈಯನ್ನು ಅವನ ಮೊಳಕೈ ಮೇಲಿಟ್ಟಳು.

"ಇದನ್ನ ಮೊದಲ ಹೇಳಬೇಕಿಲ್ಲೇನು? ಊಟ ಕೇಳಬಾರ್ದು ಅಷ್ಟ. ಹೆದರಿಕಿ ಆಗೇತಿ ಅಂತ ಹೇಳಾಕ ಯಾವ ನಿಯಮಾನೂ ಅಡ್ಡ ಇಲ್ಲ."

ಅವನು ತಲೆ ತಗ್ಗಿಸಿಕೊಂಡೇ ಇದ್ದ. "ನಿನ್ನ ನಾಲಿಗಿ ನನಗ ಗೊತ್ತೈತಿ ಅಂತ ಊರೆಲ್ಲಾ ಹೇಳ್ಕೊಂಡು ತಿರುಗೀನಿ" ಎಂದ. ತಾನು ಮೋಸ ಮಾಡಿದ್ದಕ್ಕಿಂತ ಅದೇ ಅವನನ್ನು ಹೆಚ್ಚು ಚುಚ್ಚಿತ್ತು. ತಪ್ಪು ಹೇಳಬೇಕೆಂದು ಹೇಳಿದಾಗ ಮಾತ್ರ ಸರಿ ಹೇಳಿದ್ದ, ಸರಿ ಹೇಳಬೇಕೆಂದು ಹೇಳಿದ ವರ್ಷಗಳೆಲ್ಲ ನೀರಿಗೆ ಹೋಗಿದ್ದವು.

ದ್ಯಾಮವ್ವನಿಗೆ ಆಗ ಇನ್ನೊಂದು ಹೊಳೆಯಿತು. "ಮತ್ತ ನಾ ಹೇಳಿದ್ದು? ಮೀನಿನ ತಲಿ ನಿನಗ ಸೇರತಿತ್ತೋ ಇಲ್ಲೋ?"

"ಭಾಳ ಸೇರತಿತ್ತು" ಎಂದ ಪರಸಪ್ಪ ಕೂಡಲೇ. ಇಂಥ ಸುಳ್ಳಿಗೆ ಯಾವ ದೇವರೂ ಶಿಕ್ಷೆ ಕೊಡಲಿಕ್ಕಿಲ್ಲ.

ಅವಳು ಕಣ್ಣೊರೆಸಿಕೊಂಡು ನಕ್ಕಳು. ಏಳುವಾಗ ಮಿಕ್ಸರಿನವನ ತಟ್ಟೆಯ ಕಡೆ ನೋಡಿ, "ಸೋನಕ್ಕಾ, ಊರಿಗೆ ಬಂದ ಈ ಪಾವಣ್ಯಾರಿಗೆ ಎರಡು ಬಿಸಿ ಬಜಿ ಕೊಡ್ರಿ, ಪಾಪ" ಎಂದಳು. ಆ ಮನುಷ್ಯ ಬಜಿ ಕಚ್ಚಿದವನು ಬೆಚ್ಚಿಬಿದ್ದು ಅವಳನ್ನು ನೋಡಿದ, ನನ್ನನ್ನು ನೋಡಿದ. ಹೋಗುವಾಗ ಕೈಮುಗಿದು ಹೋದ.

ಮದುವೆಯಾಯಿತು. ಪರಸಪ್ಪನೇ ಮುಂದೆ ನಿಂತು ಊದಿದ, ದೋಣಿ ಆಚೆ ದಂಡೆ ಮುಟ್ಟುವ ತನಕ ಊದಿದ, ಉಸಿರು ಎಲ್ಲಿಂದ ತಂದನೋ. ದ್ಯಾಮವ್ವ ದೋಣಿಯಿಂದಲೇ ಕೂಗಿ ಅವನ ರಾತ್ರಿ ಊಟ ಹೇಳಿದಳು. ಆದರೆ ಹೊಳೆಯ ಅಗಲ ಸಾಮಾನ್ಯವೇನಲ್ಲ, ಗಾಳಿ ಬೇರೆ. ಏನು ಹೇಳಿದಳೆಂದು ಅವನಿಗೆ ಕೇಳಿಸಲಿಲ್ಲ. ಆ ರಾತ್ರಿ ಹಸಿದೇ ಮಲಗಿದನಂತೆ.

ಮುಂದಿನ ಭಾನುವಾರ ಪರಸಪ್ಪ ಬಂದಾಗ ಊಟದ ಹೊತ್ತು ದಾಟಿತ್ತು. ಬೇಕೆಂದೇ ಹಾಗೆ ಬಂದಿದ್ದ. ಒಂಟಿಯಾಗಿ ಬಾಗಿಲಲ್ಲಿ ನಿಂತದ್ದನ್ನು ಜನ ನೋಡಬಾರದಲ್ಲ. ಚಪ್ಪರ ಖಾಲಿ, ಮಲಕವ್ವ ಒಲೆ ಆರಿಸಿ ಪಾತ್ರೆ ಜೋಡಿಸುತ್ತಿದ್ದಳು. ಅವನು ಬಾಗಿಲಲ್ಲಿ ನಿಂತ. ಇನ್ನೊಬ್ಬರು ಬರಲಿ ಎಂದು ನಾನೂ ನಿಂತೆ. ಹೊಳೆಯ ಮೇಲೆ ಒಂದು ದೋಣಿಯೂ ಇರಲಿಲ್ಲ.

"ಯಾರೂ ಬರೂ ಹಂಗ ಕಾಣೂದಿಲ್ರಿ" ಎಂದ ಕೊನೆಗೆ. "ಬರ್ತೀನಿ."

ಅವನು ಬೆನ್ನು ತಿರುಗಿಸಿದ. ಬೆನ್ನು ನೋಡಿದರೆ ಯಾರಿಗೂ ಅಯ್ಯೋ ಎನಿಸಬೇಕು, ಅಂಗಿಯ ಕಾಲರು ಒಳಗೆ ಮಡಚಿಕೊಂಡಿತ್ತು, ಹೇಳುವವರಿಲ್ಲದೆ. ನನಗೆ ಯಾಕೋ ಸಿಟ್ಟು ಬಂತು. ಅವನ ಮೇಲೋ, ನನ್ನ ನಿಯಮದ ಮೇಲೋ ಗೊತ್ತಿಲ್ಲ.

"ನಾ ಕಾಣೂದಿಲ್ಲೇನು ಕಣ್ಣಿಗೆ?" ಎಂದೆ. "ಬರ್ರಿ, ಕೂಡ್ರಿ."

ಕೆಳಗಿನ ಸಾಲಿನ ಕೊನೆಯ ಮೇಜಿನಲ್ಲಿ ಅವನು ಕೂತ, ಎದುರಿಗೆ ನಾನು ಕೂತೆ. ನನ್ನ ಖಾನಾವಳಿಯ ಕುರ್ಚಿಯಲ್ಲಿ ಗಿರಾಕಿಯ ಹಾಗೆ ನಾನು ಕೂತದ್ದು ಅದೇ ಮೊದಲು. ಕುರ್ಚಿ ಇಷ್ಟು ಗಟ್ಟಿ ಎಂದು ಯಾರೂ ನನಗೆ ಹೇಳಿಯೇ ಇರಲಿಲ್ಲ. ನಾನು ಮಲಕವ್ವನನ್ನು ಕೂಗಿ, "ಇವರಿಗೆ ಮೊಸರನ್ನ ಕಲಸಿ ಕೊಡು, ಜೀರಿಗಿ ಒಗ್ಗರಣಿ, ಕರಿದ ಬಾಳಕದ ಮೆಣಸಿನಕಾಯಿ" ಎಂದೆ. ಪರಸಪ್ಪ ನನ್ನ ಮುಖವನ್ನೇ ನೋಡಿದ. ಭಾನುವಾರಕ್ಕೊಮ್ಮೆ ಅವನ ಮೇಜಿನ ಕೆಳಗೆ ನನ್ನ ಬೆಕ್ಕು ಯಾಕೆ ಮೀಸೆ ನೆಕ್ಕುತ್ತಿತ್ತು, ಮೀನಿನ ತಲೆ ಎಲ್ಲಿಗೆ ಹೋಗುತ್ತಿತ್ತು, ಅವನ ಕಣ್ಣು ಪಕ್ಕದವರ ಮೊಸರನ್ನದ ಮೇಲೆ ಎಷ್ಟು ಹೊತ್ತು ಕೂರುತ್ತಿತ್ತು, ಇದೆಲ್ಲ ನೋಡಿದವರಿಗೆ ಕಾಣುವಂಥದ್ದೇ. ನಾನು ಯಾಕೆ ಅಷ್ಟು ನೋಡುತ್ತಿದ್ದೆ ಎಂದು ಮಾತ್ರ ಅವನು ಕೇಳಲಿಲ್ಲ. ಕೇಳಿದ್ದರೆ ಬೈದುಬಿಡುತ್ತಿದ್ದೆ.

ಈಗ ಅವನು ನನಗೆ ಹೇಳಬೇಕು. ಪಾಪ, ಬೆವತುಹೋದ.

"ನನಗ ಬ್ಯಾಡ್ರಿ ಈ ಕೆಲಸ" ಎಂದ. "ಒಂದ ಮನಿಯಾಗಿದ್ದ ತಂಗೀದ ತಿಳೀಲಿಲ್ಲ. ನಿಮ್ಮದೇನು ತಿಳಿದೀತು?"

ನಾನು ಸುಳಿವು ಕೊಡುವಂತಿಲ್ಲ. ಕೊಡೋಣವೆಂದರೂ ನನಗೇ ಗೊತ್ತಿರಬೇಕಲ್ಲ? ದಿನವೂ ಮಲಕವ್ವ ಇದನ್ನು ಉಣ್ಣು ಎಂದು ಮುಂದಿಟ್ಟ ಆರಿದ ಊಟ ಉಂಡು, ನನಗೆ ಏನು ಸೇರುತ್ತದೆ ಎಂದು ನಾನೂ ಮರೆತಿದ್ದೆ. ಅವನು ಬಹಳ ಹೊತ್ತು ನೋಡಿದ. ಮುಖವನ್ನಲ್ಲ, ನನ್ನ ಕೈಗಳನ್ನು. ಮೇಜಿನ ಮೇಲಿಟ್ಟಿದ್ದ ಕೈಗಳನ್ನು ನಾನು ಕೆಳಗೆ ಎಳೆದುಕೊಂಡೆ.

"ನೀವು ಯಾವಾಗ ಉಣ್ತೀರಿ?" ಎಂದು ಕೇಳಿದ.

"ಎಲ್ಲಾರದೂ ಆದ ಮ್ಯಾಲೆ."

ಅವನು ಎದ್ದ. ಹೊರಟುಹೋದನೆಂದೇ ತಿಳಿದೆ. ಆದರೆ ಅವನು ಅಡುಗೆಮನೆಯ ಕಡೆ ನಡೆದ. ಅಲ್ಲಿಂದ ಅವನ ದನಿ ಕೇಳಿಸಿತು, ಚಪ್ಪರಕ್ಕೆಲ್ಲ ಸಾರುವ ಆ ಹಳೆಯ ದನಿಯಲ್ಲ, ಮೆಲ್ಲಗಿತ್ತು. "ಮಲಕವ್ವ, ಒಲಿ ಆರಸಬ್ಯಾಡವಾ. ಸೋನವ್ವಗ ಬಿಸಿ ರೊಟ್ಟಿ. ಒಂದೊಂದ ಬಡಿದು ಹಾಕು, ನಾನ ತಂದು ಕೊಡ್ತೀನಿ. ಅವರು ಏಳಬಾರ್ದು."

ಅವನು ಎರಡೂ ಕೈಯಲ್ಲಿ ತಟ್ಟೆ ಹಿಡಿದು ತಂದ. ರೊಟ್ಟಿ ಇನ್ನೂ ಉಬ್ಬಿಕೊಂಡೇ ಇತ್ತು. ಮುರಿಯಲು ಹೋಗಿ ಬೆರಳು ಸುಟ್ಟುಕೊಂಡೆ. ನನ್ನ ಒಲೆಯ ರೊಟ್ಟಿ ಅಷ್ಟು ಬಿಸಿ ಇರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.